ತುಟಿಯಲ್ಲಿ ಪಳಗಿದ ಹಿತ್ತಾಳೆ

ಬಂಟ್ವಾಳ ತಾಲ್ಲೂಕಿನ ಒಂದು ಮನೆಯ ಜಗಲಿ. ಹಾಸಿದ ಹಳೇ ಪೇಪರಿನ ಮೇಲೆ ಆಲ್ಟೋ ಸ್ಯಾಕ್ಸೋಫೋನೊಂದು ಕೀಗಳನ್ನೆಲ್ಲ ಕಳಚಿಕೊಂಡು ಮಲಗಿತ್ತು. ಮದುವೆ, ಜಾತ್ರೆಗಳಲ್ಲಿ ನುಡಿಸುವ ಹಿರಿಯರೊಬ್ಬರು ಮಳೆಗಾಲದ ಬಿಡುವಿನಲ್ಲಿ ಅದರ ಪ್ಯಾಡ್ ಬದಲಿಸುತ್ತಿದ್ದರು. ನಾನು ಹೋದದ್ದು ಬೇರೆ ಯಾವುದೋ ಮಾತಿಗೆ. ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ಕ್ಯಾಸೆಟ್ಟುಗಳನ್ನು ಸವೆಯುವಷ್ಟು ಕೇಳಿದವನು ನಾನು. ಅವರು ಗೆದ್ದದ್ದು ಯಾವುದರ ಮೇಲೆ ಎಂಬುದು ಮಾತ್ರ ಆ ದಿನ ಒಂದು ಚರ್ಮದ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದಾಗ ಹೊಳೆಯಿತು.

ಆ ಬಿಲ್ಲೆಯೇ ಪ್ಯಾಡ್. ಒಳಗೆ ಫೆಲ್ಟು, ಮೇಲೆ ತೆಳು ಚರ್ಮ, ನಡುವೆ ಒಂದು ಪುಟ್ಟ ಗುಂಡಿ. ಸ್ಯಾಕ್ಸೋಫೋನಿನ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ತೂತುಗಳಿವೆ. ಒಂದನ್ನೂ ನುಡಿಸುವವರ ಬೆರಳು ಮುಟ್ಟುವುದಿಲ್ಲ. ಬೆರಳು ಒತ್ತುವುದು ಕೀಯನ್ನು. ಕೀ ಎತ್ತುವುದು, ಮುಚ್ಚುವುದು ಈ ಪ್ಯಾಡನ್ನು. ಕರಾವಳಿಯ ತೇವಕ್ಕೆ, ಉಸಿರಿನ ಹಸಿಗೆ ಚರ್ಮ ಉಬ್ಬುತ್ತದೆ, ಒಣಗಿದಾಗ ಗಟ್ಟಿಯಾಗುತ್ತದೆ, ಅಂಚಿನಲ್ಲಿ ಗಾಳಿ ಸೋರತೊಡಗುತ್ತದೆ. ಸೋರಿಕೆ ಹುಡುಕುವ ಉಪಾಯವಂತೂ ಸೊಗಸು: ಕೀಗಳನ್ನು ಮತ್ತೆ ಜೋಡಿಸಿ, ಕೋಣೆಯ ಕಿಟಕಿ ಮುಚ್ಚಿ, ಕೊಳವೆಯೊಳಗೆ ಪುಟ್ಟ ಬಲ್ಬು ಇಳಿಬಿಟ್ಟು ನೋಡುವುದು. ಯಾವ ಪ್ಯಾಡಿನ ಅಂಚಿನಲ್ಲಿ ಬೆಳಕಿನ ಗೆರೆ ಮೂಡುತ್ತದೋ ಅಲ್ಲಿ ಗಾಳಿಯೂ ನುಸುಳುತ್ತದೆ. ಹಿರಿಯರು ಆ ಕೀಯ ಬೆನ್ನಿಗೆ ಬಿಸಿ ತಾಗಿಸಿ ಅಂಟು ಕರಗಿಸಿದರು, ಪ್ಯಾಡನ್ನು ಒಂದಿಷ್ಟು ಓರೆ ಮಾಡಿ ಒತ್ತಿದರು, ಮತ್ತೆ ಬೆಳಕು ನೋಡಿದರು. ಗೆರೆ ಮಾಯವಾಗುವವರೆಗೂ ಇದೇ ಕೆಲಸ.

ಇಷ್ಟು ಬಿಗಿಯಾಗಿ ಮುಚ್ಚಲೆಂದೇ ಮಾಡಿದ ಯಂತ್ರದಲ್ಲಿ ಸ್ವರವನ್ನು ತೂಗಿಸಿ ಜಾರಿಸುವ ಗಮಕ ಹುಟ್ಟುವುದು ಹೇಗೆ? ನಾಗಸ್ವರದಲ್ಲಿ ಏಳು ಬೆರಳುತೂತು, ಏಳೂ ಬರಿಯವು. ಬೆರಳಿನ ಮಾಂಸ ತೂತಿನ ಅಂಚಿನಲ್ಲಿ ಜಾರಿದಷ್ಟೂ ಸ್ವರ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಸರಳು, ಸ್ಪ್ರಿಂಗು, ಚರ್ಮ ಎಲ್ಲ ಅಡ್ಡ.

"ತೋಡಿ ರಾಗದ ಗಾಂಧಾರ ಒಮ್ಮೆ ಕೇಳಿಸಿ" ಅಂದೆ. ಹಿರಿಯರು ಒಳಗಿನಿಂದ ತಮ್ಮ ಇನ್ನೊಂದು ವಾದ್ಯ ತಂದು ರೀಡ್ ಒದ್ದೆ ಮಾಡಿಕೊಂಡರು. ಮೊದಲು ಬೆರಳಿಟ್ಟು ನೇರವಾಗಿ ಊದಿದರು. ಸ್ವರ ಶುದ್ಧವಾಗಿತ್ತು, ತೋಡಿ ಅಲ್ಲೆಲ್ಲೂ ಇರಲಿಲ್ಲ. ಆಮೇಲೆ ಕೀಯನ್ನು ಅರ್ಧ ಎತ್ತಿದರು. ಗಾಳಿ ಬೆರೆತು ಸ್ವರ ಕೆಮ್ಮಿತು. ಮೂರನೆಯ ಸಲ ಬೆರಳು ಹೆಚ್ಚು ಆಡಲಿಲ್ಲ. ಕೆಳದವಡೆ ಕೂದಲೆಳೆಯಷ್ಟು ಸಡಿಲಿತು, ಗಾಂಧಾರ ತೂಗಿತು. ಎದುರಿಗಿದ್ದ ನನಗೇ ಆ ಚಲನೆ ಸರಿಯಾಗಿ ಕಾಣಲಿಲ್ಲ.

"ಎಂತದ್ದೂ ಇಲ್ಲ ಮಾರಾಯ್ರೇ. ಬೆರಳು ಮೇಲಿನ ಸ್ವರಕ್ಕೆ ಇಡುವುದು, ತುಟಿಯಲ್ಲಿ ಕೆಳಗೆ ತರುವುದು. ಕದ್ರಿಯವರದ್ದು ಕೇಳಿ ಕೇಳಿ ನಾವೆಲ್ಲ ಹಿಡಿದದ್ದು ಇದನ್ನೇ" ಎಂದು ನಕ್ಕರು.

ಎಂತದ್ದೂ ಇಲ್ಲ ಅನ್ನುವುದರಲ್ಲೇ ಎಲ್ಲ ಇದೆ. ರೀಡಿನ ಮೇಲಿನ ಒತ್ತಡ ಸಡಿಲಿಸಿದರೆ ಸ್ಯಾಕ್ಸೋಫೋನಿನ ಸ್ವರ ಸುಲಭವಾಗಿ ಇಳಿಯುತ್ತದೆ; ಬಿಗಿಮಾಡಿ ಏರಿಸಲು ಹೋದರೆ ಸ್ವಲ್ಪವೇ ಏರಿ ಹಟ ಹಿಡಿಯುತ್ತದೆ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಬರುವ ದಾರಿಯೇ ದಾರಿ. ಇನ್ನೊಂದು ಸಂಗತಿ: ಏಳು ತೂತಿನ ನಾಗಸ್ವರದಲ್ಲಿ ಹನ್ನೆರಡು ಸ್ವರಸ್ಥಾನ ಹಿಡಿಯಬೇಕಾದರೆ ಬೆರಳಿನ ಜತೆಗೆ ಉಸಿರು, ತುಟಿಗಳೂ ದುಡಿಯಲೇಬೇಕು. ಎರಡೂ ವಾದ್ಯಗಳ ಕೊಳವೆ ತುದಿಗೆ ಹೋಗುತ್ತ ಅಗಲವಾಗುವಂಥದ್ದು. ಎರಡಕ್ಕೂ ನುಡಿ ಕೊಡುವುದು ಜೊಂಡಿನ ನಾಲಿಗೆ, ಅಲ್ಲಿ ಜೋಡಿ, ಇಲ್ಲಿ ಒಂಟಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ಗೋಪಾಲನಾಥರು ಅಪ್ಪನ ಮನೆಯ ವಾದ್ಯವನ್ನು ಕೇಳಿಸಿಕೊಂಡರು ಎಂದೇ ನನ್ನ ಅನಿಸಿಕೆ.

ಅಪ್ಪ ತನಿಯಪ್ಪ ನಾಗಸ್ವರ ವಿದ್ವಾಂಸರು, ಊರು ಸಜಿಪಮೂಡ. 1949ರಲ್ಲಿ ಹುಟ್ಟಿದ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಬಳಿ ಪಾಠ, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ. ವಾದ್ಯ ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತು. ಪಿಟೀಲು ನಮ್ಮದಾಗಲು ಇಷ್ಟು ಕಷ್ಟಪಡಬೇಕಿರಲಿಲ್ಲ. ಅದರಲ್ಲಿ ಮೆಟ್ಟಿಲುಗಳಿಲ್ಲ, ಅದನ್ನು ಕರ್ನಾಟಕ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರ ಬೆರಳು ತಂತಿಯ ಮೇಲೆ ಹೇಗೆ ಬೇಕಾದರೂ ಜಾರಬಹುದಿತ್ತು. ಮ್ಯಾಂಡೊಲಿನ್ ಶ್ರೀನಿವಾಸ್‌ಗೂ ಎಳೆಯಲು ತಂತಿಯಾದರೂ ಇತ್ತು. ಗೋಪಾಲನಾಥರಿಗೆ ಸಿಕ್ಕದ್ದು ಮುಚ್ಚಳಗಳು.

1980ರ ಬೊಂಬಾಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ, ಜತೆಗೆ ನುಡಿಸಲು ಬಯಸಿ ವೇದಿಕೆ ಹಂಚಿಕೊಂಡರು. ಅಲ್ಲಿಂದ ಪ್ರಾಗ್, ಬರ್ಲಿನ್, ಮೆಕ್ಸಿಕೊ. 1994 ಅಂತೂ ಎರಡು ದಡ ಮುಟ್ಟಿದ ವರ್ಷ: ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ, ಇತ್ತ ಕೆ. ಬಾಲಚಂದರ್ ಅವರ ಸಿನಿಮಾ 'ಡ್ಯುಯೆಟ್', ಎ.ಆರ್. ರೆಹಮಾನ್ ಸಂಗೀತ. ತೆರೆಯ ಮೇಲೆ ನಟ ಪ್ರಭು ಊದಿದರು, ಉಸಿರು ಕದ್ರಿಯವರದ್ದು. 2004ರಲ್ಲಿ ಪದ್ಮಶ್ರೀ. 2008ರಲ್ಲಿ, ಹೆಸರು ಕೇಳಿದರೇ ನಮ್ಮ ಕಡೆಯ ನೆಂಟಸ್ತಿಕೆ ಹೊಳೆಯುವ ಅಮೆರಿಕದ ಜಾಜ್ ಕಲಾವಿದ ರುದ್ರೇಶ್ ಮಹಾಂತಪ್ಪ ಜತೆ 'ಕಿನ್ಸ್‌ಮೆನ್' ಆಲ್ಬಂ.

ಫ್ಯೂಷನ್ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಬ್ಬರೂ ತಮಗೆ ಬಂದದ್ದನ್ನೇ ಸರದಿಯಂತೆ ನುಡಿಸಿ ಕೊನೆಗೆ ಗದ್ದಲದಲ್ಲಿ ಒಂದಾಗುವ ಜಾತ್ರೆ ಅದು. 'ಕಿನ್ಸ್‌ಮೆನ್' ಬೇರೆ. ಅಲ್ಲಿ ಎರಡು ಆಲ್ಟೋ ಎದುರುಬದುರಾಗಿವೆ, ಒಂದೇ ಯಂತ್ರ, ಎರಡು ತುಟಿ. ವಿದುಷಿ ಕನ್ಯಾಕುಮಾರಿಯವರ ಪಿಟೀಲು ಇತ್ತ ನಿಂತಿದೆ, ಗಿಟಾರು ಅತ್ತ. ಗೋಪಾಲನಾಥರು ಜಾಜ್ ನುಡಿಸಲು ಹೋಗುವುದೇ ಇಲ್ಲ. ತಮ್ಮ ರಾಗದ ಅಂಗಳ ಬಿಟ್ಟು ಕದಲದೆಯೇ ಬಂದವರಿಗೆ ಜಾಗ ಮಾಡಿಕೊಡುತ್ತಾರೆ. ಸಿನಿಮಾ, ಜಾಜ್, ಕಛೇರಿ ಎಂದು ಪತ್ರಿಕೆಗಳು ಬಹುಮುಖ ಪ್ರತಿಭೆಯ ಪಟ್ಟಿ ಕೊಟ್ಟವು. ಮುಖ ಹಲವು ಇದ್ದಿರಬಹುದು, ಹಟ ಮಾತ್ರ ಒಂದೇ. 'ನಾದಲೋಲುಡೈ' ಕೃತಿ ನುಡಿಸುವಾಗ ಅವರ ಕಲ್ಯಾಣವಸಂತ ರಾಗದಲ್ಲಿ ತಾರಷಡ್ಜದಿಂದ ಇಳಿದುಬರುವ ಜಾರು ಕೇಳಿ. ಚರ್ಮದ ಬಿಲ್ಲೆಗಳು ಅಲ್ಲಿ ಇದ್ದೂ ಇಲ್ಲ.

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗಾಗಲೇ ಕರಾವಳಿಯ ಮದುವೆಮನೆ, ದೇವಸ್ಥಾನದ ಬಲಿ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಮನೆಮಗನಾಗಿತ್ತು. ಇದರಲ್ಲಿ ನನಗೆ ಖುಷಿಯ ಜತೆ ಒಂದು ಕಸಿವಿಸಿಯೂ ಇದೆ. ಅದು ಬಂದು ಕೂತ ಜಾಗ ಬಹುಮಟ್ಟಿಗೆ ನಾಗಸ್ವರದ್ದೇ. ಈಗಿನ ಹುಡುಗರಿಗೆ ಸ್ಯಾಕ್ಸೋಫೋನ್ ಕಲಿಯಲು ಕದ್ರಿಯವರ ಧ್ವನಿಮುದ್ರಿಕೆ ಇದೆ, ಕದ್ರಿಯವರು ಯಾರನ್ನು ಕೇಳಿ ಬೆಳೆದರೋ ಆ ದನಿ ಊರಲ್ಲಿ ಕಡಿಮೆಯಾಗುತ್ತಿದೆ. ನಕಲಿನ ನಕಲು ತೆಗೆದಂತೆ ಗಮಕ ಮಸುಕಾಗುವುದು ಮದುವೆ ಮಂಟಪಗಳಲ್ಲಿ ಆಗಲೇ ಕೇಳಿಸುತ್ತದೆ.

ಮಗುವಿಗೆ ಸ್ಯಾಕ್ಸೋಫೋನ್ ಕೊಡಿಸಲು ಹೊರಟ ತಂದೆತಾಯಿಗೆ ನನ್ನದೊಂದು ಮಾತು. ಮೊದಲು ಟಿ.ಎನ್. ರಾಜರತ್ನಂ ಪಿಳ್ಳೈ ಅವರ ನಾಗಸ್ವರದ ತೋಡಿ ಕೇಳಿಸಿ, ನಿಮ್ಮೂರಿನ ದೇವಸ್ಥಾನದಲ್ಲಿ ನಾಗಸ್ವರ ಊದುವವರು ಯಾರಾದರೂ ಉಳಿದಿದ್ದರೆ ಅವರ ಎದುರು ಕೂರಿಸಿ. ಅದು ಕಿವಿಗೆ ಬೀಳದೆ ಹೋದರೆ ಎಷ್ಟೇ ದುಬಾರಿ ವಾದ್ಯ ತಂದರೂ ಮನೆಯಲ್ಲಿ ಕೇಳಿಸುವುದು ಬ್ಯಾಂಡ್‌ಸೆಟ್ಟೇ.