ಗಣಕಯಂತ್ರದ ತಿರುಳು

ಕಲಬುರಗಿ ಸೀಮೆಯ ಗೊಬ್ಬೂರದ ಬಾಲಕರಿಗೆ ತೊಗರಿಯ ಪರಿಚಯವನ್ನು ಹೇಳಬೇಕಾಗಿಲ್ಲ. ಹೊರಗೆ ಸಿಪ್ಪೆ, ಒಳಗೆ ಬೇಳೆ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಅವರು ಆರಂಭಿಸಿದ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ರಚನೆಯೂ ಹೀಗೆಯೇ ಇದೆ. ನಮ್ಮ ಆಜ್ಞೆಗಳನ್ನು ಸ್ವೀಕರಿಸುವ ಹೊರಭಾಗಕ್ಕೆ ‘ಶೆಲ್’, ಎಂದರೆ ಚಿಪ್ಪು, ಎಂದು ಹೆಸರು. ಒಳಭಾಗವು ‘ಕರ್ನಲ್’, ಎಂದರೆ ತಿರುಳು.

ತಿರುಳಿನ ಕೆಲಸವೇನು? ಒಂದೇ ಯಂತ್ರದಲ್ಲಿ ಅನೇಕ ಕಾರ್ಯಗಳು ಏಕಕಾಲದಲ್ಲಿ ನಡೆಯುವಾಗ ಸಂಸ್ಕಾರಕದ ಕಾಲವನ್ನೂ ಸ್ಮೃತಿಯ ಸ್ಥಳವನ್ನೂ ಹಂಚಿಕೊಡುವುದು; ಪರದೆ, ತಟ್ಟೆ ಮೊದಲಾದ ಉಪಕರಣಗಳನ್ನು ನಡೆಸುವುದು. ಯಂತ್ರದ ಸಕಲ ಅಧಿಕಾರವೂ ಅದಕ್ಕುಂಟು. ಆದ್ದರಿಂದಲೇ ಅದರಲ್ಲಿ ತಪ್ಪು ನುಸುಳಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು. ಹಾಗಾದರೆ ತಿರುಳಿನೊಳಗೆ ಏನನ್ನು ಇಡಬೇಕು, ಏನನ್ನು ಹೊರಗಿಡಬೇಕು? ಯುನಿಕ್ಸ್ ಬಳಗದ ತಿರುಳುಗಳು ಭಿನ್ನವಾಗುವುದು ಮುಖ್ಯವಾಗಿ ಈ ಪ್ರಶ್ನೆಯಲ್ಲಿಯೇ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್ ಏಕಶಿಲೆಯಂಥದು. ಉಪಕರಣಗಳನ್ನು ನಡೆಸುವ ಚಾಲಕ ಕ್ರಮವಿಧಿಗಳು ಬಹುಮಟ್ಟಿಗೆ ತಿರುಳಿನೊಳಗೇ ಇರುವುವು. ಒಂದೇ ಕೋಣೆಯಲ್ಲಿ ಕುಳಿತವರು ಕೈಯಿಂದ ಕೈಗೆ ಕೆಲಸ ದಾಟಿಸುವಂತೆ ಇಲ್ಲಿ ವೇಗವುಂಟು. 1993ರಲ್ಲಿ ಬಂದ ಫ್ರೀಬಿಎಸ್‌ಡಿಯೂ ಇದೇ ಜಾತಿಯದು; ಆದರೆ ಲಿನಕ್ಸ್ ಬರಿಯ ತಿರುಳು, ಫ್ರೀಬಿಎಸ್‌ಡಿಯಲ್ಲಿ ತಿರುಳೂ ಮೂಲ ಸಾಧನಗಳೂ ಒಟ್ಟಿಗೆ ಬೆಳೆಯುವುವು.

ಆಮ್‌ಸ್ಟರ್‌ಡಾಮಿನ ಆಂಡ್ರ್ಯೂ ಟಾನೆನ್‌ಬಾಮ್ 1987ರಲ್ಲಿ ಪ್ರಕಟಿಸಿದ ಮಿನಿಕ್ಸ್‌ನ ಮಾರ್ಗ ಬೇರೆ. ಅದರದು ಸೂಕ್ಷ್ಮ ತಿರುಳು. 2005ರ ಮಿನಿಕ್ಸ್ 3ರಲ್ಲಿ ಚಾಲಕಗಳನ್ನೂ ಹೊರಕ್ಕೆ ಕಳುಹಿಸಲಾಯಿತು. ಚಾಲಕವೊಂದು ಕೆಟ್ಟರೆ ಅದನ್ನು ಮಾತ್ರ ಮತ್ತೆ ಎಬ್ಬಿಸಬಹುದು. ಉಳಿದ ಕೆಲಸ ನಿಲ್ಲದು. ಆದರೆ ಬೇರೆ ಬೇರೆ ಕೋಣೆಗಳಲ್ಲಿರುವವರು ಚೀಟಿ ಕಳುಹಿಸಿಯೇ ಮಾತಾಡಬೇಕಷ್ಟೆ! ಅದಕ್ಕೆ ಕಾಲ ಹಿಡಿಯುವುದು. 1992ರಲ್ಲಿ ಈ ಇಬ್ಬರ ನಡುವೆ ಇದೇ ವಿಷಯದಲ್ಲಿ ಪ್ರಸಿದ್ಧ ವಾದವೂ ನಡೆಯಿತು. ಆಪಲ್ ಸಂಸ್ಥೆಯ ಎಕ್ಸ್‌ಎನ್‌ಯು ಮಧ್ಯಮಾರ್ಗದ್ದು: ಮ್ಯಾಕ್ ಎಂಬ ಸೂಕ್ಷ್ಮ ತಿರುಳಿನ ವಂಶವನ್ನೂ ಬಿಎಸ್‌ಡಿಯ ಭಾಗಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ.

ವೇಗವೂ ಭದ್ರತೆಯೂ ಎರಡೂ ಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದಕ್ಕೆ ಬೆಲೆ ತೆರಬೇಕು. ಆದರೆ ರಚನೆಯೊಂದೇ ತಿರುಳಿನ ಭವಿಷ್ಯವನ್ನು ನಿರ್ಧರಿಸದು. ಲಿನಕ್ಸ್‌ನ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ 2001ರಲ್ಲಿ ತೋರಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕಕ್ಕೆ ಹೊಸ ತಿರುಳನ್ನು ಬರೆಯಬೇಕಾಗಲಿಲ್ಲ, ಲಿನಕ್ಸ್ ಸಿದ್ಧವಾಗಿತ್ತು. ಮಾರುಕಟ್ಟೆಯಲ್ಲಿ ಆ ಯಂತ್ರ ಬಹುಕಾಲ ನಿಲ್ಲಲಿಲ್ಲ. ಆದರೆ ಅದೇ ತಿರುಳು ಇಂದು ಪ್ರತಿಯೊಂದು ಆಂಡ್ರಾಯ್ಡ್ ದೂರವಾಣಿಯಲ್ಲಿಯೂ ಇದೆ.

ವಾಚಕರು ತಮ್ಮ ಆಂಡ್ರಾಯ್ಡ್ ದೂರವಾಣಿಯ ಸೆಟ್ಟಿಂಗ್ಸ್‌ನಲ್ಲಿ, ಆ ಯಂತ್ರದ ವಿವರಗಳಿರುವ ಪುಟವನ್ನು ತೆರೆದು ‘ಕರ್ನಲ್ ಆವೃತ್ತಿ’ ಎಂಬುದನ್ನು ಹುಡುಕಲಿ. ಗೊಬ್ಬೂರದಲ್ಲಿ ಕುಳಿತೇ ಆ ಬೇಳೆಯ ಗುರುತನ್ನು ಕಣ್ಣಾರೆ ಕಾಣಬಹುದು.