ತೆಗೆದಿಟ್ಟ ತಲೆಬುರುಡೆಯ ಎಲುಬನ್ನು ಮತ್ತೆ ಕೂರಿಸುವುದು ಯಾವಾಗ?

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳಲ್ಲಿ ತಲೆಗೆ ಪೆಟ್ಟು ಬೀಳಲು ಕಾರಣಗಳು ಹಲವು. ಘಟ್ಟದ ತಿರುವುಗಳಲ್ಲಿ ಬೈಕು ಜಾರುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸಲು, ಕೊನೆ ಕೊಯ್ಯಲು ಅಡಿಕೆ ಮರವೇರಿದವರು ಕೆಳಗೆ ಬೀಳುತ್ತಾರೆ. ಕಾಫಿ ತೋಟದಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿ ಜಾರುತ್ತದೆ. ಇಂತಹ ಗಾಯಾಳುಗಳಿಗೆ ತಾಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಕೊಡಿಸಿ, ಶಿವಮೊಗ್ಗಕ್ಕೋ, ಘಟ್ಟ ಇಳಿಸಿ ಮಣಿಪಾಲ, ಮಂಗಳೂರಿಗೋ ಕೊಂಡೊಯ್ಯುವುದು ವಾಡಿಕೆ. ಅಲ್ಲಿ ಜೀವ ಉಳಿಸುವ ಸಲುವಾಗಿ ತಲೆಬುರುಡೆಯ ಒಂದು ಭಾಗವನ್ನೇ ತೆಗೆದಿಡಬೇಕಾದ ಸಂದರ್ಭಗಳಿವೆ. ಕೆಲವೊಮ್ಮೆ ತೀವ್ರ ಪಾರ್ಶ್ವವಾಯುವಿನಲ್ಲೂ ಹೀಗೆ ಮಾಡುತ್ತಾರೆ.

ವಾರಗಳ ನಂತರ ರೋಗಿ ಮನೆಗೆ ಬರುತ್ತಾರೆ. ಜೀವ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ, ಎಲುಬನ್ನು ಮತ್ತೆ ಕೂರಿಸುವ ಎರಡನೇ ಶಸ್ತ್ರಚಿಕಿತ್ಸೆ ಹಿಂದೆ ಬೀಳುತ್ತದೆ. ಅಡಿಕೆ ಮಾರಿದ ಮೇಲೆ, ಮಳೆ ನಿಂತ ಮೇಲೆ, ಮನೆಯ ಮದುವೆ ಮುಗಿದ ಮೇಲೆ ಎಂದು ದಿನ ದೂಡುತ್ತೇವೆ. ಆದರೆ ಈ ಎರಡನೇ ಶಸ್ತ್ರಚಿಕಿತ್ಸೆ ಕೇವಲ ತಲೆಯ ಆಕಾರ ಸರಿಪಡಿಸುವ ಕೆಲಸವಲ್ಲ. ಕಾರಣವಿಲ್ಲದೆ ತಡಮಾಡಿದರೆ ರೋಗಿಯ ಚೇತರಿಕೆಯೇ ಹಿಂದೆ ಬೀಳಬಹುದು.

ಎಲುಬನ್ನು ತೆಗೆಯುವುದೇಕೆ?

ತಲೆಬುರುಡೆ ಮುಚ್ಚಿದ ಪೆಟ್ಟಿಗೆಯಂತೆ. ಕಾಲಿಗೆ ಪೆಟ್ಟಾದರೆ ಕಾಲು ಊದಿಕೊಳ್ಳಲು ಜಾಗವಿದೆ. ಮೆದುಳು ಊದಿಕೊಂಡರೆ ಹೋಗಲು ಜಾಗವಿಲ್ಲ. ಒಳಗಿನ ಒತ್ತಡ ಏರಿದಂತೆ ರಕ್ತ ಸಂಚಾರ ಕಡಿಮೆಯಾಗಿ ಜೀವಕ್ಕೇ ಅಪಾಯ ಬರುತ್ತದೆ. ಔಷಧಿಯಿಂದ ಒತ್ತಡ ಇಳಿಯದಿದ್ದಾಗ ಎಲುಬಿನ ದೊಡ್ಡ ತುಂಡೊಂದನ್ನು ತೆಗೆದು ಮೆದುಳಿಗೆ ಜಾಗ ಮಾಡಿಕೊಡುತ್ತಾರೆ. ಇದಕ್ಕೆ ಕ್ರೇನಿಯೆಕ್ಟಮಿ ಎನ್ನುತ್ತಾರೆ. ಆ ಜಾಗವನ್ನು ಮತ್ತೆ ಮುಚ್ಚುವುದು ಕ್ರೇನಿಯೋಪ್ಲಾಸ್ಟಿ.

ಬ್ರಿಟನ್ನಿನ ಕೇಂಬ್ರಿಜ್ ವೈದ್ಯರ ನೇತೃತ್ವದಲ್ಲಿ 408 ಗಾಯಾಳುಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ನೋಡಿದಾಗ, ಔಷಧಿಯ ಚಿಕಿತ್ಸೆ ಮುಂದುವರಿಸಿದವರಲ್ಲಿ 100ಕ್ಕೆ ಸುಮಾರು 49 ಮಂದಿ ತೀರಿಕೊಂಡಿದ್ದರು. ಎಲುಬು ತೆಗೆದವರಲ್ಲಿ ಈ ಸಂಖ್ಯೆ ಸುಮಾರು 27. ಆದರೆ ಉಳಿದವರೆಲ್ಲರೂ ಮೊದಲಿನಂತೆ ಆಗಲಿಲ್ಲ. ಪ್ರಜ್ಞೆಯಿಲ್ಲದ ಸ್ಥಿತಿಯಲ್ಲೇ ಉಳಿದವರು ಎಲುಬು ತೆಗೆದವರಲ್ಲೇ ಹೆಚ್ಚು. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆ ಜೀವ ಉಳಿಸುವ ಪ್ರಯತ್ನ ಮಾತ್ರ. ಚೇತರಿಕೆಯ ದಾರಿ ಅಲ್ಲಿಂದ ಮುಂದೆ ಆರಂಭವಾಗುತ್ತದೆ.

ತೆಗೆದ ಎಲುಬು ಎಲ್ಲಿರುತ್ತದೆ?

ಕೆಲವು ಆಸ್ಪತ್ರೆಗಳಲ್ಲಿ ಅದನ್ನು ಅತಿ ಶೀತಲ ಪೆಟ್ಟಿಗೆಯಲ್ಲಿಡುತ್ತಾರೆ. ಇನ್ನು ಕೆಲವು ಕಡೆ ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಜೋಪಾನ ಮಾಡುತ್ತಾರೆ. ಹೊಟ್ಟೆಯ ಮೇಲೆ ಗಟ್ಟಿ ಗಂಟು ಕಂಡು ಮನೆಯವರು ಗಾಬರಿಯಾಗಬೇಕಾಗಿಲ್ಲ. ಎಲುಬು ಚೂರುಚೂರಾಗಿದ್ದರೆ ಅಥವಾ ಅದಕ್ಕೆ ಸೋಂಕು ತಗಲಿದ್ದರೆ ಟೈಟಾನಿಯಂ ಲೋಹ, ಎಲುಬಿನ ಸಿಮೆಂಟ್ ಅಥವಾ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಸುತ್ತಾರೆ.

ಮಲಾಲಾ ಯೂಸಫ್‌ಝಾಯಿ ಅವರ ಹೆಸರು ನಮ್ಮ ಓದುಗರಿಗೆ ಗೊತ್ತು. 2012ರ ಅಕ್ಟೋಬರ್ 9ರಂದು ಅವರಿಗೆ ಗುಂಡು ತಗಲಿದಾಗ ಪಾಕಿಸ್ತಾನದ ವೈದ್ಯರು ತಲೆಬುರುಡೆಯ ತುಂಡನ್ನು ತೆಗೆದು ಹೊಟ್ಟೆಯಲ್ಲಿಟ್ಟರು. 2013ರ ಫೆಬ್ರವರಿ 2ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಎಲುಬಿನ ಬದಲು ಟೈಟಾನಿಯಂ ತಗಡನ್ನು ಕೂರಿಸಿದರು. ನಡುವೆ ಕಳೆದದ್ದು ನಾಲ್ಕು ತಿಂಗಳಿಗಿಂತ ಕಡಿಮೆ. 2014ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ತೀರಾ ಬೇಗ ಯಾಕೆ ಬೇಡ?

ಮೆದುಳಿನ ಊತ ಇಳಿಯದೆ ಎಲುಬು ಕೂರಿಸಿದರೆ ಮತ್ತೆ ಒತ್ತಡ ಏರುತ್ತದೆ. ಗಾಯ ಒಣಗದೆ, ಜ್ವರ ಅಥವಾ ಕೀವು ಇರುವಾಗ ಕೂರಿಸಿದರೆ ಸೋಂಕು ಒಳಗಿಳಿದು, ಹಾಕಿದ್ದನ್ನು ಪುನಃ ತೆಗೆಯಬೇಕಾದೀತು. ಮೆದುಳಿನ ಸುತ್ತ ಹರಿಯುವ ನೀರು ಕಟ್ಟಿಕೊಂಡಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಸಿ.ಟಿ. ಸ್ಕ್ಯಾನ್ ನೋಡಿ ವೈದ್ಯರು "ಇನ್ನೂ ಕಾಯೋಣ" ಎಂದರೆ ಅದಕ್ಕೆ ಕಾರಣವಿದೆ. ಆ ಕಾಯುವಿಕೆಯೂ ಚಿಕಿತ್ಸೆಯ ಭಾಗವೇ.

ತೀರಾ ತಡ ಯಾಕೆ ಬೇಡ?

ಊತ ಇಳಿದ ಮೇಲೆ ಎಲುಬಿಲ್ಲದ ಜಾಗದ ಚರ್ಮ ಒಳಕ್ಕೆ ಕುಸಿಯುತ್ತದೆ. ಹೊರಗಿನ ಗಾಳಿಯ ಒತ್ತಡ ನೇರವಾಗಿ ಮೆದುಳಿನ ಮೇಲೆ ಬೀಳುತ್ತದೆ. ಮೆದುಳಿನ ರಕ್ತ ಸಂಚಾರ ಮತ್ತು ನೀರಿನ ಹರಿವು ಏರುಪೇರಾಗುತ್ತದೆ. ಕೆಲವು ರೋಗಿಗಳಿಗೆ ಎದ್ದು ಕುಳಿತರೆ ತಲೆನೋವು, ತಲೆಸುತ್ತು ಬರುತ್ತದೆ. ಸ್ವಲ್ಪ ಸುಧಾರಿಸಿದ್ದ ಕೈಕಾಲು ಮತ್ತೆ ಸೋಲುತ್ತದೆ. ಮಾತು ಕಡಿಮೆಯಾಗುತ್ತದೆ, ಮಂಕು ಕವಿಯುತ್ತದೆ. ವೈದ್ಯರು ಇಂತಹ ತೊಂದರೆಗಳನ್ನು 1939ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಎಲುಬು ಕೂರಿಸಿದ ಮೇಲೆ ಇವರಲ್ಲಿ ಹಲವರು ದಿನಗಳಲ್ಲಿ ಅಥವಾ ವಾರಗಳಲ್ಲಿ ಸುಧಾರಿಸುತ್ತಾರೆ. ಆದ್ದರಿಂದ "ಮೊದಲು ಸ್ವಲ್ಪ ನಡೆಯುತ್ತಿದ್ದ, ಈಗ ಮಲಗಿಯೇ ಇರುತ್ತಾನೆ" ಎಂದು ಮನೆಯವರು ಹೇಳಿದರೆ, ಅದು ಹಣೆಬರಹವೆಂದು ಕೈಚೆಲ್ಲದೆ ವೈದ್ಯರಿಗೆ ತೋರಿಸಬೇಕು.

ತಡವಾದಷ್ಟೂ ಚರ್ಮ ಒಳಪದರಕ್ಕೆ ಅಂಟಿಕೊಂಡು ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಫಿಜಿಯೋಥೆರಪಿಗೆ ಮೈ ಚೆನ್ನಾಗಿ ಸ್ಪಂದಿಸುವ ಮೊದಲ ತಿಂಗಳುಗಳು ಹಾಸಿಗೆಯಲ್ಲೇ ಕಳೆದುಹೋಗುತ್ತವೆ.

ಹಾಗಾದರೆ ಸರಿಯಾದ ಸಮಯ ಯಾವುದು?

2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ವರದಿಯೊಂದು ಆರು ವಾರದೊಳಗಿನದ್ದನ್ನು ಅತಿ ಶೀಘ್ರ, ಆರು ವಾರದಿಂದ ಮೂರು ತಿಂಗಳು ಶೀಘ್ರ, ಮೂರರಿಂದ ಆರು ತಿಂಗಳು ಮಧ್ಯಮ, ಅದಕ್ಕಿಂತ ಮುಂದಿನದ್ದನ್ನು ತಡ ಎಂದು ವಿಂಗಡಿಸಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ, ಮೂರು ತಿಂಗಳೊಳಗೆ ಎಲುಬು ಕೂರಿಸಿದವರ ಚೇತರಿಕೆ ಹೆಚ್ಚಾಗಿ ಕಂಡಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಮೊದಲೇ ಚೆನ್ನಾಗಿ ಸುಧಾರಿಸುತ್ತಿರುವವರಿಗೆ ಬೇಗ ಶಸ್ತ್ರಚಿಕಿತ್ಸೆ ಆಗುವುದು ಸಹಜ. ಆದ್ದರಿಂದ ಸುಧಾರಣೆಯೆಲ್ಲವೂ ಬೇಗ ಮಾಡಿದ್ದರಿಂದಲೇ ಎನ್ನಲಾಗದು. ಎಲ್ಲರಿಗೂ ಒಂದೇ ತಾರೀಕು ಇಲ್ಲ. ಊತ ಇಳಿದು, ಗಾಯ ಒಣಗಿ, ಸೋಂಕು ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಹಣಕ್ಕಾಗಿಯೋ ಅಂಜಿಕೆಯಿಂದಲೋ ತಡಮಾಡಬಾರದು ಎಂಬುದೇ ಸಾರಾಂಶ.

ಅಮೆರಿಕದ ಸಂಸದೆಯಾಗಿದ್ದ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರಿಗೆ 2011ರ ಜನವರಿ 8ರಂದು ತಲೆಗೆ ಗುಂಡು ತಗಲಿತು. ತಲೆಬುರುಡೆಗೆ ಹೊಸ ಭಾಗ ಜೋಡಿಸಿದ್ದು ಮೇ 18ರಂದು. ಅಲ್ಲಿಯವರೆಗೂ ಅವರು ಸುಮ್ಮನೆ ಮಲಗಿರಲಿಲ್ಲ. ಹೆಲ್ಮೆಟ್ ಧರಿಸಿ ನಡಿಗೆ ಮತ್ತು ಮಾತಿನ ಅಭ್ಯಾಸ ಮಾಡುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಅವರ ಮಾತು ಮತ್ತು ಬಲಗೈ ಪೂರ್ತಿ ಮರಳಲಿಲ್ಲ. ಶಸ್ತ್ರಚಿಕಿತ್ಸೆ ದಾರಿ ತೆರೆಯುತ್ತದೆ, ನಡೆಯುವ ಕೆಲಸ ದಿನದಿನದ ಅಭ್ಯಾಸದ್ದು.

ಮನೆಯವರು ಮಾಡಬೇಕಾದದ್ದು

ಡಿಸ್ಚಾರ್ಜ್ ದಿನವೇ ಮೂರು ಪ್ರಶ್ನೆ ಕೇಳಿ: ಎಲುಬು ಎಲ್ಲಿದೆ? ಮುಂದಿನ ಸ್ಕ್ಯಾನ್ ಯಾವಾಗ? ಎರಡನೇ ಶಸ್ತ್ರಚಿಕಿತ್ಸೆ ಸುಮಾರು ಯಾವ ತಿಂಗಳು? ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ತಿಂಗಳು ಮಳೆಗಾಲದಲ್ಲಿ ಬಂದರೆ ಘಟ್ಟದ ರಸ್ತೆಯ ಸ್ಥಿತಿ ನೋಡಿ ಒಂದೆರಡು ದಿನ ಮೊದಲೇ ಹೊರಡುವ ಏರ್ಪಾಡು ಮಾಡಿ.

ಎಲುಬಿಲ್ಲದ ಬದಿಗೆ ಒರಗಿ ಮಲಗಿಸಬೇಡಿ. ನಡೆಯುವಾಗ ವೈದ್ಯರು ಹೇಳಿದ ರಕ್ಷಣಾ ಟೋಪಿ ಇರಲಿ. ನಮ್ಮ ಹಳೆಯ ಮನೆಗಳ ತಗ್ಗು ಬಾಗಿಲು, ಪಾಚಿ ಕಟ್ಟಿದ ಅಂಗಳ, ಜಾರುವ ಬಚ್ಚಲು ಇವೆಲ್ಲ ಅಪಾಯದ ಜಾಗಗಳು. ಫಿಟ್ಸ್ ತಡೆಯುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಎಲುಬು ಕೂರಿಸಿದ ಮೇಲೂ ಜ್ವರ, ಗಾಯದಿಂದ ನೀರು ಅಥವಾ ಕೀವು, ಫಿಟ್ಸ್, ಪದೇಪದೇ ವಾಂತಿ, ಹೆಚ್ಚುತ್ತಿರುವ ನಿದ್ದೆಮಂಪರು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಖರ್ಚಿನ ವಿಷಯ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಕಲ್ಪಿಸಲಾಗಿದೆ. ಮೊದಲ ಶಸ್ತ್ರಚಿಕಿತ್ಸೆ ತುರ್ತಿನದ್ದು. ಎರಡನೆಯದು ಯೋಜಿತವಾದದ್ದರಿಂದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳಬಹುದು. ದಾಖಲಾಗುವ ದಿನ ಓಡಾಡುವ ಬದಲು ತಿಂಗಳ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ರೋಗಿಗಳನ್ನು ಭೇಟಿ ಮಾಡುವವರಿಗೆ

ವಾರ್ಡಿನ ಗುರಿಕಾರರು, ಧರ್ಮಭಗಿನಿಯರು, ಸಂಘಟನೆಗಳ ಸದಸ್ಯರು ಇಂತಹ ಮನೆಗಳಿಗೆ ಹೋಗುತ್ತಾರೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ರೂಢಿ ನಮ್ಮಲ್ಲಿದೆ. ಎಲುಬಿಲ್ಲದ ತಲೆಯನ್ನು ಒತ್ತಬಾರದು. ಕೈಯನ್ನು ಹೆಗಲ ಮೇಲಿಡೋಣ. ತಲೆಯ ಕುಳಿಯನ್ನು ಕಂಡು "ಅಯ್ಯೋ" ಎನ್ನುವುದು ಬೇಡ, ರೋಗಿಗೆ ಎಲ್ಲವೂ ಕೇಳಿಸುತ್ತದೆ. ಎದ್ದು ಬರುವ ಮುನ್ನ ಎರಡನೇ ಶಸ್ತ್ರಚಿಕಿತ್ಸೆಯ ತಾರೀಕು ಯಾವುದೆಂದು ಕೇಳಿರಿ. ತಾರೀಕು ಗೊತ್ತಿಲ್ಲವೆಂದರೆ ವೈದ್ಯರಿಗೆ ಫೋನ್ ಮಾಡಿಸಿರಿ. ವಾಹನವಿಲ್ಲವೆಂದರೆ ವಾಹನದ ವ್ಯವಸ್ಥೆ, ಜೊತೆಗೆ ಜನವಿಲ್ಲವೆಂದರೆ ಒಬ್ಬ ಯುವಕನ ವ್ಯವಸ್ಥೆ ಮಾಡಿಕೊಡಿರಿ. ಅನೇಕ ಮನೆಗಳಲ್ಲಿ ಶಸ್ತ್ರಚಿಕಿತ್ಸೆ ತಡವಾಗುವುದು ಇಷ್ಟು ಸಣ್ಣ ಕಾರಣಗಳಿಗೆ.