ಗ್ಲೂಕೋಸ್ ಹಾಕಿಸಲೇಬೇಕೇ?



ಕಳೆದ ಆಟಿ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆವು. ಅಟ್ಟದಲ್ಲಿ ಕಾದಿರಿಸಿದ್ದ ಅಡಿಕೆ ಖಾಲಿಯಾಗಿತ್ತು. ಎರಡು ವರ್ಷದ ಮಗುವಿಗೆ ವಾಂತಿಭೇದಿಯಾಗಿ, ಪಟ್ಟಣದ ಆಸ್ಪತ್ರೆಯೊಂದರಲ್ಲಿ ಮೂರು ದಿನ ಇರಿಸಿ ಗ್ಲೂಕೋಸ್ ಹಾಕಿಸಿದ್ದರು. ಬಿಲ್ಲು ಕಟ್ಟಲು ಧಾರಣೆ ನೋಡದೆ ಅಡಿಕೆ ಮಾರಿದ್ದರು. ಮಗು ಈಗ ಚೆನ್ನಾಗಿದೆ, ದೇವರಿಗೆ ಸ್ತೋತ್ರ. ಆದರೆ ಆಸ್ಪತ್ರೆಗೆ ಹೊರಡುವಾಗ ಅದು ನೀರು ಕೇಳಿ ಕುಡಿಯುತ್ತಿತ್ತಂತೆ, ಅಮ್ಮನ ಕೈಯಿಂದ ಇಳಿದು ಓಡಾಡುತ್ತಿತ್ತಂತೆ. ಹಾಗಿದ್ದ ಮಗುವಿಗೆ ಬಹುಶಃ ಓ.ಆರ್.ಎಸ್. ಪೊಟ್ಟಣವೇ ಸಾಕಿತ್ತು.

ಈ ಪೊಟ್ಟಣವನ್ನು ಹಗುರವಾಗಿ ಕಾಣಬೇಡಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಸರಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು. ಭೇದಿಯಾಗುವಾಗಲೂ ಕರುಳು ಸಕ್ಕರೆಯ ಅಂಶದ ಜೊತೆ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಇಷ್ಟೇ ಗುಟ್ಟು.

ಕೃಷಿಕರಾದ ನಿಮಗೆ ಇದು ಹೊಸತಲ್ಲ. ಕೊಳೆರೋಗಕ್ಕೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಮಳೆ ಹಿಡಿಯುವ ಮುಂಚೆ ಮದ್ದು ಬಿಟ್ಟವನ ಕಾಯಿ ಉಳಿಯುತ್ತದೆ. ಉದುರಲು ತೊಡಗಿದ ಮೇಲೆ ದುಬಾರಿ ಮದ್ದು ತಂದು ಏನು ಮಾಡುವುದು? ಓ.ಆರ್.ಎಸ್. ಕೂಡ ಮೊದಲ ಭೇದಿಗೇ ಶುರುವಾಗಬೇಕು.

ಹಾಗಾದರೆ ವೈದ್ಯರೇಕೆ ಡ್ರಿಪ್ ಹಾಕುತ್ತಾರೆ? ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಕಲಿತ ಯುವ ವೈದ್ಯನಿಗೆ ಡ್ರಿಪ್ಪೂ ರಕ್ತಪರೀಕ್ಷೆಯೂ ಕೈಗೆಟಕುವಲ್ಲೇ ಇರುತ್ತವೆ. ರೋಗಿಯ ಮನೆಯವರು ಏನು ಮಾರಿ ಬಂದರೆಂಬುದು ಕಾಣುವುದಿಲ್ಲ. ಭಾರತದ ಕಥೋಲಿಕ ಬಿಷಪರು 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂತ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ಪದವೀಧರರನ್ನು ಹಳ್ಳಿಯ ಆಸ್ಪತ್ರೆಗಳ ಸೇವೆಗೆ ಕಳುಹಿಸುತ್ತ ಬಂದಿದೆ. 2021ರ ನಿಯಮದಂತೆ ದೇಶದ ಎಲ್ಲ ಹೊಸ ವೈದ್ಯರ ಒಂದು ವರ್ಷದ ತರಬೇತಿಯಲ್ಲಿ 12 ವಾರ ಸಮುದಾಯ ವೈದ್ಯಕ್ಕೆ ಮೀಸಲು. ಆ 12 ವಾರವೂ ಮುಂದಿನ ಪ್ರವೇಶ ಪರೀಕ್ಷೆಯ ಪುಸ್ತಕ ಹಿಡಿದು ಕುಳಿತರೆ ಏನು ಬಂತು! ತಾಯಿಯ ಪಕ್ಕ ನಾಲ್ಕು ಗಂಟೆ ನಿಂತು, ಚಮಚದಲ್ಲಿ ಹೇಗೆ ಕುಡಿಸಬೇಕೆಂದು ತೋರಿಸುವುದೂ ಒಂದು ವಿದ್ಯೆಯೇ. ನಮ್ಮ ವಾಳೆಗಳಲ್ಲಿ ವೈದ್ಯಕೀಯ ಓದುತ್ತಿರುವ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇವೆ.

ತಪ್ಪು ನಮ್ಮದೂ ಇದೆ. ಗ್ಲೂಕೋಸ್ ಹಾಕದ ಡಾಕ್ಟ್ರು ಡಾಕ್ಟ್ರೇ ಅಲ್ಲ ಎನ್ನುವವರು ನಾವೇ ಅಲ್ಲವೇ? ಜ್ವರ ಬಂದಾಗ ಗುರುಗಳಾದ ನಾವೂ ಒಮ್ಮೆ ಕೇಳಿ ಹಾಕಿಸಿಕೊಂಡದ್ದುಂಟು.

ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ. ಅರ್ಧರ್ಧ ಮಾಡಬೇಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕುಡಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆ 14 ದಿನ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಓ.ಆರ್.ಎಸ್. ಹೆಸರಿನಲ್ಲಿ ಸಿಹಿ ಪಾನೀಯಗಳೂ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಅದನ್ನು ನಿಷೇಧಿಸಿದೆ. ಕೊಳ್ಳುವಾಗ ಪೊಟ್ಟಣ ಓದಿ ನೋಡಿ.

ಆದರೆ ಮಗು ಮಂಕಾಗಿ ಮಲಗಿದರೆ, ಕುಡಿಯಲಾಗದಿದ್ದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ತೀವ್ರವಾಗಿ ನೀರು ಕಳೆದುಕೊಂಡ ಮಗುವಿನ ಪ್ರಾಣ ಉಳಿಸುವುದು ಡ್ರಿಪ್ಪೇ. ಆಗ ಖರ್ಚಿನ ಲೆಕ್ಕ ಬೇಡ.

ಬರುವ ಭಾನುವಾರ ಎರಡನೆಯ ಪೂಜೆಯ ಬಳಿಕ ಸಭಾಭವನದಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಇದನ್ನು ಕಲಸಿ ತೋರಿಸಲಿದ್ದಾರೆ. ಗುರಿಕಾರರು ವಾಳೆಯ ಎಲ್ಲ ಮನೆಗಳಿಗೂ ತಿಳಿಸಬೇಕು. ಬರುವವರು ಒಂದು ಲೀಟರಿನ ಬಾಟ್ಲಿ, ಒಂದು ಚಮಚ ತನ್ನಿ.